ಬೀಗರ ಹಾಡಿನ ಮೇಲೆ ಬಿದ್ದ ಕೇಸು

ನನ್ನ ಸೋದರತ್ತೆ ಮದುವೆಮನೆಗಳಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಹಾಡುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟವಳು. ಶುಭಕಾರ್ಯದಲ್ಲಿ ಎದುರಿಗೆ ಬರುವಂತಿರಲಿಲ್ಲ. ಆದರೆ ಗಂಡಿನ ಕಡೆಯವರು ಊಟಕ್ಕೆ ಕೂತು ಎಲೆಗೆ ತುಪ್ಪ ಬಿದ್ದ ಮೇಲೆ ಎಲ್ಲರೂ ಕಾಯುತ್ತಿದ್ದುದು ಅವಳ ದನಿಗೇ. ಬೀಗರನ್ನು ಹೀಯಾಳಿಸುವ ಹಾಡು ಅವಳಷ್ಟು ಯಾರಿಗೂ ಬರುತ್ತಿರಲಿಲ್ಲ. ಬೀಗರ ಹೊಟ್ಟೆ, ಬೀಗಿತ್ತಿಯ ನಡತೆ, ಅವರಿಬ್ಬರ ಮಲಗುವ ಕೋಣೆ, ಯಾವುದನ್ನೂ ಬಿಡುತ್ತಿರಲಿಲ್ಲ. ಬೈಸಿಕೊಂಡ ಬೀಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಹಾಡದಿದ್ದರೇ ಅವಮಾನ. ನಮ್ಮನ್ನು ಬೀಗರೆಂದೇ ಎಣಿಸಲಿಲ್ಲ ಎಂದು ಮುನಿಸಿಕೊಂಡು ಎಲೆ ಬಿಟ್ಟು ಏಳುವವರಿದ್ದರು.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ಅರವತ್ತರ ದಶಕದ ಆರಂಭ ಅದು. ಜಯನಗರದ ನಮ್ಮ ಬೀದಿಯಲ್ಲಿ ಆಗ ಮನೆಗಳಿಗಿಂತ ಕಲ್ಲು ನೆಟ್ಟ ಖಾಲಿ ಸೈಟುಗಳೇ ಹೆಚ್ಚು, ಹಿಂದುಗಡೆ ರಾಗಿ ಹೊಲ. ಅತ್ತೆ ನಮ್ಮ ಜೊತೆಗೇ ಇದ್ದಳು. ಅವಳು ಒಲೆಯ ಮುಂದೆ ಕೂತು ಹಾಡುವುದು, ಅಪ್ಪ ಹೊಸಿಲ ಈಚೆ ಮಣೆ ಹಾಕಿಕೊಂಡು ಬರೆದುಕೊಳ್ಳುವುದು ಒಂದು ಬೇಸಗೆಯಿಡೀ ನಡೆಯಿತು. ನಾನು ಕಾಲೇಜಿನಲ್ಲಿದ್ದೆ, ಕರಡು ತಿದ್ದಿದವಳು ನಾನೇ. ಕೆಲವು ಸಾಲಿಗೆ ಕಿವಿ ಬಿಸಿಯಾಗುತ್ತಿತ್ತು, ಆದರೂ ನಗು ತಡೆಯಲಾಗುತ್ತಿರಲಿಲ್ಲ. ಸಣ್ಣ ಪುಸ್ತಕವಾಗಿ ಅಚ್ಚಾಗಿ ಬಂದಾಗ ಅಪ್ಪ ಮೊದಲ ಪ್ರತಿಯನ್ನು ಅಕ್ಕನ ಕಾಲ ಬಳಿ ಇಟ್ಟು ನಮಸ್ಕಾರ ಮಾಡಿದ. ಅವಳಿಗೆ ಓದಲು ಬರುತ್ತಿರಲಿಲ್ಲ. ಮಡಿಯಲ್ಲಿದ್ದೀನಿ, ದೂರ ಇಡು ಎಂದು ಗದರಿದಳು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಅಮಲ್ದಾರರೊಬ್ಬರಿದ್ದರು. ವಿಲ್ಸನ್ ಗಾರ್ಡನ್ನಿನಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅತ್ತೆಯ ಹಾಡು ಕೇಳಿ, ಚಿರೋಟಿ ನೆತ್ತಿಗೆ ಹತ್ತುವಷ್ಟು ನಕ್ಕ ಮನುಷ್ಯ. ಪೊಲೀಸರಿಗೆ ದೂರು ಕೊಟ್ಟವರು ಅವರೇ. ಅಶ್ಲೀಲ ಪುಸ್ತಕ ಅಚ್ಚು ಹಾಕಿಸಿ ಮಾರಿದ ಆರೋಪ ಹೊರಿಸಿ, ಮನೆಯಲ್ಲಿದ್ದ ಕಟ್ಟುಗಳನ್ನೆಲ್ಲ ಪೊಲೀಸರು ಜಟಕಾದಲ್ಲಿ ಹೇರಿಕೊಂಡು ಹೋದರು. ಸ್ಕೂಲಿನವರು ಅಪ್ಪನನ್ನು ಸಸ್ಪೆಂಡ್ ಮಾಡಿದರು. ಶಿಕ್ಷೆಯಾದರೆ ಕೆಲಸ ಶಾಶ್ವತವಾಗಿ ಹೋದಂತೆ.

ಅಪ್ಪ ನೇರ ಅಮಲ್ದಾರರ ಗೇಟಿಗೇ ಹೋಗಿ ಕೇಳಿದ. ನಾನೂ ಹಿಂದೆಯೇ ಓಡಿದ್ದೆ.

"ಮದುವೇಲಿ ನಾನೂ ನಕ್ಕಿದೀನಿ ಮೇಷ್ಟ್ರೇ, ಇಲ್ಲ ಅನ್ನಲ್ಲ," ಎಂದರು ಅವರು. "ಅಲ್ಲಿ ಕೂತಿದ್ದೋರು ನಮ್ಮೋರು. ಪುಸ್ತಕ ಯಾರ್ಯಾರ ಕೈಗೆ ಹೋಗುತ್ತೆ ನಿಮಗೆ ಗೊತ್ತಾ? ನನ್ನ ಮೊಮ್ಮಗಳು ಸ್ಕೂಲ್ ಬ್ಯಾಗಲ್ಲಿ ಇಟ್ಕೊಂಡು ಬಂದಿದ್ಲು."

"ಆ ಮದುವೇಲಿ ಅವಳೂ ನಿಮ್ಮ ಪಕ್ಕದಲ್ಲೇ ಕೂತು ಊಟ ಮಾಡಿದ್ಲಲ್ಲ ಸ್ವಾಮಿ. ಬಾಯಲ್ಲಿ ಬಂದ್ರೆ ಶಾಸ್ತ್ರ, ಅಚ್ಚಲ್ಲಿ ಬಂದ್ರೆ ಅಪರಾಧಾನಾ?"

"ಹೌದು. ಎರಡೂ ಒಂದೇ ಅಲ್ಲ," ಎಂದು ಅವರು ಒಳಗೆ ಹೋದರು. ಆ ಮುದುಕರನ್ನು ನಾನು ಮನಸ್ಸಿನಲ್ಲೇ ಬೈದ ಬೈಗುಳ ಅತ್ತೆಯ ಹಾಡಿನಲ್ಲೂ ಇರಲಿಲ್ಲ.

ನಮ್ಮ ವಕೀಲರು ಹೇಳಿದ್ದು ಒಂದೇ ಮಾತು: ಮರ್ಯಾದಸ್ಥ ಮನೆಯ ಹೆಂಗಸರು ಬಂದು, ಹೌದು, ಇವನ್ನು ನಾವು ಹಿರಿಯರ ಎದುರಿಗೇ ಹಾಡುತ್ತೇವೆ ಎಂದು ಸಾಕ್ಷಿ ನುಡಿದರೆ ಉಳಿಯಬಹುದು. ಅಪ್ಪ ಬಸವನಗುಡಿ, ವಿಲ್ಸನ್ ಗಾರ್ಡನ್, ಚಾಮರಾಜಪೇಟೆ ಎಂದು ನೆಂಟರ ಮನೆಗಳನ್ನೆಲ್ಲ ಅಲೆದ. ಎಲ್ಲ ಕಡೆಯೂ ಕಾಫಿ ಕೊಟ್ಟರು. "ಅಯ್ಯೋ, ನಾವಾ? ಅಂಥಾವೆಲ್ಲ ನಮಗೆ ಬರಲ್ಲಪ್ಪ," ಎಂದರು ನಮ್ಮ ಚಿಕ್ಕಮ್ಮಂದಿರು. ಅತ್ತೆಗೆ ಸೊಲ್ಲು ಸೇರಿಸಿ ಹಾಡಿದ ಬಾಯಿಗಳೇ ಅವು. ಅಪ್ಪ ಸಂಜೆ ಬಂದು ಜಗಲಿಯ ಮೇಲೆ ಚಪ್ಪಲಿ ಬಿಚ್ಚದೆಯೇ ಕೂತಿರುತ್ತಿದ್ದ. ನನ್ನ ಜಾತಕ ಕೇಳಿದ್ದವರು ವಾಪಸು ಕಳಿಸಿದ್ದರು. ಅಮ್ಮ ಅಳುವುದನ್ನೂ ಬಿಟ್ಟಿದ್ದಳು.

"ನಾನು ಬರ್ತೀನಿ ಕಣೋ," ಎಂದಳು ಅತ್ತೆ. "ಹಾಡಿದ್ದು ನನ್ನ ಬಾಯಿ ತಾನೆ?"

"ಬೇಡ ಅಕ್ಕ. ಮಡಿ ಮೈಲಿಗೆ, ನೂರು ಜನ, ಬಸ್ಸು..."

"ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಬಂದು ಸ್ನಾನ ಮಾಡ್ಕೊಂಡ್ರೆ ಆಯ್ತು."

ಹೀಗೆ ಅವಳು ಜನ್ಮದಲ್ಲಿ ಮೊದಲ ಸಲ ಸಿಟಿ ಬಸ್ಸು ಹತ್ತಿದಳು. ಯಾರೂ ತಗುಲದಿರಲೆಂದು ನಾನೂ ಅಪ್ಪನೂ ಆಚೆಈಚೆ ನಿಂತೆವು. ಕೋರ್ಟಿನಲ್ಲಿ ಜನ ಅವಳನ್ನು ನೋಡಿ ದಾರಿ ಬಿಟ್ಟರು, ಗೌರವಕ್ಕೋ ಅಪಶಕುನವೆಂದೋ ತಿಳಿಯದು. ಮ್ಯಾಜಿಸ್ಟ್ರೇಟರು ಒಳ್ಳೆಯವರೇ, ಕುರ್ಚಿ ಹಾಕಿಸಿದರು. ಅವಳು ಕೂರಲಿಲ್ಲ. ಹಾಡು ನಿಮ್ಮವೇ ಏನಮ್ಮ ಎಂದರೆ ಹೌದು ಎಂದಳು. ಗಂಡಸರ ಎದುರಿಗೂ ಹಾಡುತ್ತೀರಾ ಎಂದರೆ, ಅವರಿಗೋಸ್ಕರವೇ ಹಾಡುವುದು ಎಂದಳು. ಅಪ್ಪನ ಮುಖಕ್ಕೆ ಎಷ್ಟೋ ದಿನದ ಮೇಲೆ ಕಳೆ ಬಂತು. ನಮ್ಮ ವಕೀಲರು ಉತ್ಸಾಹದಿಂದ, ಹಾಗಾದರೆ ಸ್ವಾಮಿಗಳ ಮುಂದೆ ಒಂದು ಹಾಡಿಬಿಡಿ ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡು ಮ್ಯಾಜಿಸ್ಟ್ರೇಟರನ್ನು ನೋಡಿದಳು. "ತಾವು ಯಾವ ಕಡೆಯೋರು?" ಎಂದು ಕೇಳಿದಳು.

"ನಾನು ಯಾವ ಕಡೇನೂ ಅಲ್ಲಮ್ಮ. ಇಲ್ಲಿ ಕೂತೋನಿಗೆ ಕಡೆ ಅನ್ನೋದೇ ಇರೋದಿಲ್ಲ."

"ಮತ್ತೆ ಯಾರಿಗೆ ಅಂತ ಹಾಡ್ಲಿ? ಸಂಬಂಧ ಇಲ್ದೋರ ಮುಂದೆ ಹಾಡಿದ್ರೆ ಅದು ಬರೀ ಬೈಗುಳ ಆಗುತ್ತೆ."

ಸರ್ಕಾರಿ ವಕೀಲರು ಅರ್ಧ ಎದ್ದು, ಕೈಮುಗಿದು, "ಇನ್ನೇನು ಬೇಕು ಸ್ವಾಮಿ? ಪುಸ್ತಕ ಕೊಳ್ಳೋರೆಲ್ಲ ಸಂಬಂಧ ಇಲ್ದೋರೇ. ನಾವು ಹೇಳ್ತಿರೋದೂ ಅದನ್ನೇ," ಎಂದರು.

ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಯಾವುದಾದರೂ ಹಾಡಿ ತಾಯಿ, ಎರಡೇ ಸಾಲು ಹಾಡಿ ಎಂದು ನಮ್ಮ ವಕೀಲರು ಗೋಗರೆದರು. ಏನೋ ಎಡವಟ್ಟಾಯಿತೆಂದು ಅತ್ತೆಗೂ ಗೊತ್ತಾಗಿ ಬಾಯಿ ತೆರೆದಳು. ಮದುವೆಮನೆಯ ಗದ್ದಲವನ್ನೆಲ್ಲ ಮೀರಿ ಕೇಳುತ್ತಿದ್ದ ಆ ದನಿ ಹೊರಡಲೇ ಇಲ್ಲ. ಬೆಂಚಿನ ಮೇಲೆ ಕೂತು ನಾನು ಹಾಡಮ್ಮ, ಹಾಡಮ್ಮ ಎಂದು ಮನಸ್ಸಿನಲ್ಲೇ ಚೀರುತ್ತಿದ್ದೆ.

ಅವಳು ಹೇಳಿದ್ದು ಸುಳ್ಳಲ್ಲ, ಅದೇ ನನ್ನ ಸಂಕಟ. ಆದರೆ ಅವಳು ಬೈಗುಳ ಎಂದಳು, ಅಪರಾಧ ಎನ್ನಲಿಲ್ಲ. ಬೈಗುಳಕ್ಕೆ ತಿರುಗಿ ಬೈಯಬಹುದು, ಕಿವಿ ಮುಚ್ಚಿಕೊಳ್ಳಬಹುದು, ಎದ್ದು ಹೋಗಬಹುದು. ಪೊಲೀಸರನ್ನು ಕರೆದು ಪುಸ್ತಕ ಸುಡಬೇಕೆಂದು ಅವಳು ಎಲ್ಲಿ ಹೇಳಿದ್ದಳು? ಇದನ್ನು ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ.

ಅಪ್ಪನಿಗೆ ದಂಡ ಬಿತ್ತು, ಪುಸ್ತಕಗಳನ್ನು ನಾಶ ಮಾಡಲು ಆಜ್ಞೆಯಾಯಿತು, ಕೆಲಸ ಹೋಯಿತು. ಮನೆಪಾಠಕ್ಕಾದರೂ ಬರಬಹುದೆಂದುಕೊಂಡಿದ್ದ ಮಕ್ಕಳನ್ನು ಅವರ ಮನೆಯವರು ಕಳಿಸಲಿಲ್ಲ. ಕೊಳಕು ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಅವನು ಒಂದು ಮರದ ಡಿಪೋದಲ್ಲಿ ಲೆಕ್ಕ ಬರೆಯಲು ಸೇರಿದ. ಮನೆಯಲ್ಲಿ ಕನ್ನಡ ಪುಸ್ತಕ ಮುಟ್ಟುವುದನ್ನೇ ಬಿಟ್ಟ. "ನಾನು ತಪ್ಪು ಹೇಳ್ದೆನೇನೋ?" ಎಂದು ಅತ್ತೆ ಎಷ್ಟೋ ಸಲ ಕೇಳಿದಳು. "ಇಲ್ಲ ಅಕ್ಕ," ಎನ್ನುತ್ತಿದ್ದ, ಅವಳ ಮುಖ ನೋಡದೆ.

ಕೆಲವು ವರ್ಷಗಳ ಮೇಲೆ ತುಮಕೂರಿನ ಕಡೆಯ ಸಂಬಂಧವೊಂದು ನನಗೆ ಕೂಡಿಬಂತು. ಕೇಸಿನ ವಿಷಯ ಗೊತ್ತಿದ್ದೂ ಒಪ್ಪಿದ ಜನ. ಪಕ್ಕದ ಖಾಲಿ ಸೈಟಿನಲ್ಲಿ, ನಮ್ಮ ಅಡುಗೆಮನೆಯ ಬಾಗಿಲಿಗೆ ತಾಗಿದಂತೆ ಚಪ್ಪರ ಹಾಕಿ ಮದುವೆ ಮಾಡಿದರು. ಬೀಗರ ಪಂಕ್ತಿ ಕೂತಿತು, ನಾನೂ ಗಂಡನ ಪಕ್ಕ ಎಲೆಯ ಮುಂದೆ ಕೂತೆ. ಅಪ್ಪ ತುಪ್ಪ ಬಡಿಸುತ್ತಿದ್ದ. ಯಾರೂ ಹಾಡಲಿಲ್ಲ. ಚಿಕ್ಕಮ್ಮಂದಿರು ನೆಲ ನೋಡುತ್ತಿದ್ದರು.

ನನ್ನ ಗಂಡನ ತಾಯಿ, ಅತ್ತೆಮ್ಮ, ಅನ್ನ ಕಲಸಿಕೊಂಡು ಸ್ವಲ್ಪ ಹೊತ್ತು ಕಾದು, ಗಟ್ಟಿಯಾಗಿ ಕೇಳಿದರು: "ಏನ್ರೀ ಇದು, ಹೆಣ್ಣಿನ ಕಡೆಯೋರಿಗೆ ಬಾಯೇ ಇಲ್ವಾ? ನಮ್ಮನ್ನ ಬೈಯೋರು ಯಾರೂ ಇಲ್ವಾ?"

ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಆ ದನಿ ಎದ್ದಿತು. ಒಡಕಾಗಿತ್ತು, ಆದರೆ ಅದೇ ದನಿ. ಬೀಗಿತ್ತಿಯ ಸೊಂಟದಿಂದಲೇ ಶುರು ಮಾಡಿದಳು. ಅತ್ತೆಮ್ಮ ತುತ್ತು ಎಲೆಗೆ ಬಿಟ್ಟು, ತಲೆಯೆತ್ತಿ, ಮುಖ ಅರಳಿಸಿ ಕೂತರು. ಇಲ್ಲಿ ಕಡೆ ಇತ್ತು, ಸಂಬಂಧವೂ ಇತ್ತು. ನನಗೆ ಅಳು ಉಕ್ಕಿ ಬಂತು. ಅಪ್ಪ ಪಂಕ್ತಿಯ ನಡುವೆ ನಿಂತುಬಿಟ್ಟಿದ್ದ. ಅವನೂ ಅಳುತ್ತಾನೆ ಎಂದುಕೊಂಡೆ.

ಅವನು ತುಪ್ಪದ ಪಾತ್ರೆಯನ್ನು ಕೆಳಗಿಟ್ಟು, ಸರಸರನೆ ನಡೆದುಹೋಗಿ, ಅಡುಗೆಮನೆಯ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದ.

ಒಳಗೆ ಇನ್ನೊಂದು ಸಾಲು ಕೇಳಿಸಿತು, ಆಮೇಲೆ ನಿಂತಿತು. ಅಪ್ಪ ಹಿಂದಿರುಗಿ ಬಂದು, ಪಾತ್ರೆ ಎತ್ತಿಕೊಂಡು ನನ್ನ ಅತ್ತೆಮ್ಮನ ಎಲೆಯ ಮುಂದೆ ಬಗ್ಗಿ, "ಇನ್ನೊಂಚೂರು ತುಪ್ಪ ಹಾಕ್ಲಾ?" ಎಂದ.