ಗೋಬರ್ ಗ್ಯಾಸಿನ ಕುಣಿಯುವ ಉರಿ

ತೊಂಬತ್ತರ ದಶಕ. ಮದುವೆಯಾಗಿ ಮೂಡಿಗೆರೆ ಕಡೆಯ ಮನೆಗೆ ಬಂದ ನನ್ನ ಮೊದಲ ಚಳಿಗಾಲ. ಕೊಟ್ಟಿಗೆಯ ಹಿಂದೆ ಗೋಬರ್ ಗ್ಯಾಸ್ ಗುಂಡಿ, ಅಲ್ಲಿಂದ ಅಡುಗೆಮನೆಗೆ ಪೈಪು. ಅತ್ತೆಯವರಿಗೆ ಆ ಒಲೆ ಎಂದರೆ ಜೀವ. ಇಪ್ಪತ್ತು ವರ್ಷ ಸೌದೆ ಹೊಗೆ ಕುಡಿದು ಕೆಮ್ಮು ಎದೆಗೇ ಕಟ್ಟಿಕೊಂಡಿತ್ತು; ಗ್ಯಾಸ್ ಬಂದ ಮೇಲೆಯೇ ಅವರು ನಿಶ್ಚಿಂತೆಯಿಂದ ದೋಸೆ ಹುಯ್ದದ್ದು.

ಆ ತಿಂಗಳು ಉರಿ ಕೈಕೊಟ್ಟಿತು. ಭುಗ್ಗೆಂದು ಏಳುವುದು, ಪುಸ್ಸೆಂದು ಆರುವುದು. ಮಾವನವರಿಗೆ ಗೊತ್ತಿದ್ದದ್ದು ಒಂದೇ ಔಷಧಿ, ಸಗಣಿ. ದಿನಕ್ಕೆ ಎರಡು ಬುಟ್ಟಿ ಹೆಚ್ಚಿಗೆ ಕಲಸಿ ಹಾಕಿಸಿದರು. ಸಾಲದೆಂದು ಪಕ್ಕದ ಮನೆಯಿಂದಲೂ ತರಿಸಿದರು. ವಾರವಾದರೂ ಉರಿ ಹಾಗೇ. ಕೊನೆಗೆ ಒಂದು ಹೊರೆ ಸೌದೆ ತಂದು ಅಡುಗೆಮನೆಯ ಮೂಲೆಗೆ ಎಸೆದರು.

"ಸಾಕು ಇದರ ಸಹವಾಸ. ನಾಳೆಯಿಂದ ಹಳೇ ಒಲೇನೇ ಹಚ್ಚಿ."

ಅತ್ತೆ ಸೆರಗು ಬಾಯಿಗೊತ್ತಿ ಸೌದೆಯನ್ನೇ ನೋಡಿದರು. ನನಗೆ ಸಂಕಟವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಗ್ಯಾಸ್ ಸಾಲದಿದ್ದರೆ ಉರಿ ಸಣ್ಣಗಾಗಬೇಕು, ಇದು ಕುಣಿಯುತ್ತಿತ್ತು. ಹೋಗಿ ನೋಡಿದರೆ ಗುಂಡಿಯ ಮೇಲಿನ ಕಬ್ಬಿಣದ ಡ್ರಮ್ ಗ್ಯಾಸ್ ತುಂಬಿ ಎತ್ತರಕ್ಕೆ ಎದ್ದು ಕೂತಿತ್ತು.

"ಮಾವ, ಗ್ಯಾಸ್ ಬೇಕಾದಷ್ಟಿದೆ. ಪೈಪಲ್ಲಿ ನೀರು ನಿಂತು ದಾರಿ ಕಟ್ಟಿದೆ, ಅಷ್ಟೇ."

"ನೀರು ಬಿಟ್ಟೋರು ಯಾರು ಮಾರಾಯ್ತಿ?" ಎಂದು ನಕ್ಕರು.

"ಯಾರೂ ಬಿಡ್ಬೇಕಾಗಿಲ್ಲ. ಚಳಿಗೆ ಪೈಪೊಳಗೇ ಬೆವರುತ್ತೆ. ಕಳಸದಲ್ಲಿ ನಮ್ಮ ತವರುಮನೇಲಿ ತಿಂಗಳಿಗೊಂದ್ಸಲ ಆ ನೀರು ನಾನೇ ಇಳಿಸ್ತಿದ್ದೆ."

ಡ್ರಮ್ಮಿನ ವಾಲ್ವ್ ಮುಚ್ಚಿ, ಒಲೆ ಆರಿಸಿ, ಸ್ಪ್ಯಾನರ್ ಹಿಡಿದು ಪೈಪಿನ ಉದ್ದಕ್ಕೂ ನಡೆದೆ. ಕಾಫಿ ಕಣದ ದಾರಿಯಲ್ಲಿ ಮೂಟೆ ಹೊತ್ತವರು ತುಳಿದು ತುಳಿದು ಅದು ಒಂದು ಕಡೆ ಜಗ್ಗಿತ್ತು. ಅಲ್ಲಿಯ ಜಾಯಿಂಟ್ ಬಿಚ್ಚಿದೆ. ಎರಡು ಚೊಂಬಿನಷ್ಟು ನಾರುವ ನೀರು ಬಗ್ಗಿ ನೋಡುತ್ತಿದ್ದ ಮಾವನವರ ಪಾದದ ಮೇಲೇ ಸುರಿಯಿತು. ನನಗೇನೂ ಬೇಸರವಾಗಲಿಲ್ಲ. ಪೈಪಿನಡಿಗೆ ಕಲ್ಲು ಕೊಟ್ಟು, ಇನ್ನು ನೀರು ಗುಂಡಿಯ ಕಡೆಗೇ ಇಳಿಯುವಂತೆ ಎತ್ತಿ ಕೂರಿಸಿ ಜಾಯಿಂಟ್ ಬಿಗಿದೆ.

ವಾಲ್ವ್ ತೆರೆದು ಒಲೆ ಹಚ್ಚಿದಾಗ ನೀಲಿ ಉರಿ ಅಲುಗಾಡದೆ ನಿಂತಿತು. ಮಾವ ಸೌದೆ ಹೊರೆ ಹೊತ್ತು ಬಚ್ಚಲ ಹಂಡೆಯ ಕಡೆಗೆ ಹೊರಟರು. ಅವರು ಮರೆಯಾಗುವವರೆಗೂ ಕಾದ ಅತ್ತೆ, ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಸೆರಗಿನಲ್ಲಿ ಒರೆಸಿ, ಸೌಟಿನ ಪಕ್ಕದ ಮೊಳೆಗೆ ನೇತುಹಾಕಿದರು.

"ಇದು ಇನ್ಮೇಲೆ ಇಲ್ಲೇ ಇರ್ಲಿ. ಅವ್ರ ಕೈಗೆ ಬಿಟ್ರೆ ಮತ್ತೆ ಸಗಣೀನೇ ಕಲಸ್ತಾರೆ."