ಸುಶೀಲಮ್ಮನ ಅಣಬೆ ಜಾಗ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ನಾನಾಗ ತೀರ್ಥಹಳ್ಳಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಮೂಳೆ ಮುರಿದವರಿಗೆ, ಪಾರ್ಶ್ವವಾಯು ಆದವರಿಗೆ ಮತ್ತೆ ನಡೆಯಲು ಕಲಿಸುವ ಕೆಲಸ. ಆಸ್ಪತ್ರೆಗೆ ಬರಲಾಗದವರ ಮನೆಗೆ ನಾನೇ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಹಾಗೆ ಹೋದ ಮನೆಗಳಲ್ಲಿ ಕವಲೇದುರ್ಗದ ಬುಡದ ಸುಶೀಲಮ್ಮನವರದೂ ಒಂದು.

ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಅವರ ತೊಡೆಮೂಳೆ ಮುರಿದಿತ್ತು. ಆಪರೇಷನ್ ಆಗಿ ಮೂಳೆ ಕೂಡಿತ್ತು, ಎಕ್ಸ್‌ರೇಯೂ ಚೆನ್ನಾಗಿತ್ತು. ಆದರೆ ಸುಶೀಲಮ್ಮ ವಾಕರ್ ಹಿಡಿದು ಜಗಲಿಗೆ ಬಂದು ಕೂತರೆ ಮುಗಿಯಿತು. 'ಫಿಯರ್ ಆಫ್ ಫಾಲಿಂಗ್' ಎನ್ನುತ್ತೇವೆ ನಾವು. ಒಮ್ಮೆ ಬಿದ್ದವರಿಗೆ ಮತ್ತೆ ಬಿದ್ದೇನೆಂಬ ಭಯ. ಅದು ಹೋಗದಿದ್ದರೆ ಸ್ನಾಯು ಸೊರಗುತ್ತದೆ, ಆಮೇಲೆ ಹಾಸಿಗೆಯೇ ಗತಿ. ಹೊಗಳಿದೆ, ಗದರಿದೆ. ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

"ಊಟ ಸೇರಲ್ಲ, ನಿದ್ದೆ ಬರಲ್ಲ. ನಡೆದು ಎಲ್ಲಿಗೆ ಹೋಗ್ಬೇಕೇ ನಾನು?" ಎಂದರು ಒಂದು ದಿನ.

ಅದಕ್ಕೆ ಉತ್ತರ ತಂದವರು ಅವರ ವಾರಗಿತ್ತಿ ಜಲಜಮ್ಮ. ನಮ್ಮ ಕಡೆ ಗುಡುಗಿ ಮಳೆಯಾದ ಮೇಲೆ ಗುಡ್ಡದಲ್ಲಿ ಅಣಬೆ ಏಳುತ್ತದೆ. ಹುತ್ತದ ಅಣಬೆ ಹೆಚ್ಚುಕಡಿಮೆ ವರ್ಷವೂ ಅದೇ ಜಾಗದಲ್ಲಿ ಏಳುವುದರಿಂದ, ಜಾಗ ಕಂಡವರು ಬಾಯಿ ಬಿಡುವುದಿಲ್ಲ. ಒಡವೆ ಇಟ್ಟ ಜಾಗ ಹೇಳಿಯಾರು, ಅಣಬೆ ಜಾಗ ಹೇಳುವುದಿಲ್ಲ. ಸುಶೀಲಮ್ಮನಿಗೆ ಅತ್ತೆ ತೋರಿಸಿದ ಜಾಗವೊಂದಿತ್ತು.

ಮೊದಲ ಗುಡುಗು ಕೇಳಿದ ಮರುದಿನ ಜಲಜಮ್ಮ ಬಂದರು. "ಅಕ್ಕಾ, ಈ ವರ್ಷ ನಿನಗೆ ಹೆಂಗೂ ಹೋಗಕ್ಕಾಗಲ್ಲ. ಜಾಗ ಹೇಳು, ನಾನೇ ಕಿತ್ಕೊಂಡು ಬರ್ತೀನಿ."

ಸುಶೀಲಮ್ಮ "ನೋಡಾಣ" ಎಂದು ಸಾಗಹಾಕಿದರು. ವಾರಗಿತ್ತಿ ಗೇಟು ದಾಟಿದ್ದೇ ನನ್ನ ಕಡೆ ತಿರುಗಿದರು. "ಈ ವಾಕರ್ ಗುಡ್ಡ ಹತ್ತುತ್ತದೇನೇ?"

"ವಾಕರ್ ಹತ್ತಲ್ಲ, ಕೋಲು ಹತ್ತುತ್ತೆ. ಆದ್ರೆ ಮೊದಲು ಅಂಗಳ," ಎಂದೆ.

ಅಂಗಳ ಆಯಿತು, ರಸ್ತೆ ಆಯಿತು, ಗದ್ದೆಯ ಬದು ಆಯಿತು. ಏರುಪೇರಿನ ನೆಲದಲ್ಲಿ ನಡೆದಷ್ಟೂ ದೇಹ ಸಮತೋಲ ಕಾಯ್ದುಕೊಳ್ಳಲು ಕಲಿಯುತ್ತದೆ. ಆಸ್ಪತ್ರೆಯ ನುಣುಪು ಟೈಲ್ಸ್ ಅದನ್ನು ಕಲಿಸುವುದಿಲ್ಲ. ಹಕ್ಕಿ ಕೂಗಿದರೆ ಸುಶೀಲಮ್ಮ ನಿಂತು ಅದರ ಹೆಸರು ಹೇಳುತ್ತಿದ್ದರು. ರಾತ್ರಿ ನಿದ್ದೆ ಬರತೊಡಗಿತು, ಗಂಜಿ ಬಿಟ್ಟು ಅನ್ನ ಕೇಳಿದರು. ಮೂಳೆ ಡಾಕ್ಟರೂ ಗುಡ್ಡಕ್ಕೆ ಒಪ್ಪಿಗೆ ಕೊಟ್ಟರು.

ಮಳೆ ನಿಂತು ಹೊಳವಾದ ಒಂದು ಬೆಳಿಗ್ಗೆ ಹೊರಟೆವು. ಅವರ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ಕೈಯಲ್ಲಿ. ಅರ್ಧ ಏರಿದ ಮೇಲೆ ಕೈ ಬಿಡಿಸಿಕೊಂಡರು.

"ನೀನು ಇಲ್ಲೇ ನಿಲ್ಲು. ಆ ಕಡೆ ತಿರುಗು."

"ಸುಶೀಲಮ್ಮ, ಬಿದ್ದರೆ?"

"ತಿರುಗು ಅಂದೆ."

ಬೇರೆ ದಾರಿಯಿರಲಿಲ್ಲ. ಆಪರೇಷನ್ ಆದಮೇಲೆ ವಾಕರೂ ಇಲ್ಲದೆ, ಯಾರೂ ಹಿಡಿಯದೆ ಅವರು ನಡೆದದ್ದು ಅದೇ ಮೊದಲು. ಬೆನ್ನು ಹಾಕಿ ನಿಂತು ಕೋಲಿನ ಸದ್ದಿಗೆ ಕಿವಿಗೊಟ್ಟೆ. ಸದ್ದು ದೂರವಾಯಿತು, ನಿಂತೇ ಹೋಯಿತು. ಇನ್ನೇನು ತಿರುಗಬೇಕು, ಆಗ ಮರಗಳ ಮರೆಯಿಂದ ದನಿ ಬಂತು: "ಬಿದ್ದಿಲ್ಲ ಮಾರಾಯ್ತಿ, ತಿರುಗಬೇಡ!"

ಸೆರಗಿನ ತುಂಬ ಅಣಬೆ ಕಟ್ಟಿಕೊಂಡು ಬಂದರು. ಮುಖದಲ್ಲಿ ನಗು, ಕಣ್ಣಲ್ಲಿ ನೀರು. ನನ್ನದೂ ಅದೇ ಕಥೆ. ಆ ಗುಡ್ಡಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಎಲ್ಲಿ ನೋವು ಎಂದು ಕೇಳಲು ಕಾಲೇಜು ಕಲಿಸಿತ್ತು. ಎಲ್ಲಿಗೆ ಹೋಗಲು ಆಸೆ ಎಂದು ಕೇಳುವುದನ್ನು ಸುಶೀಲಮ್ಮ ಕಲಿಸಿದರು. ಈಗ ಪ್ರತಿ ರೋಗಿಗೂ ಕೇಳುತ್ತೇನೆ. ಒಬ್ಬರು ಹೊಳೆದಂಡೆ ಎನ್ನುತ್ತಾರೆ, ಇನ್ನೊಬ್ಬರು ನೇರಳೆ ಮರ.

ಈ ಮಳೆಗಾಲವೂ ಇಬ್ಬರೂ ಗುಡ್ಡ ಹತ್ತಿದೆವು. ಅದೇ ತಿರುವಿನಲ್ಲಿ ಅಭ್ಯಾಸದಂತೆ ಬೆನ್ನು ತಿರುಗಿಸಿದೆ. ಸುಶೀಲಮ್ಮ ನನ್ನ ಹೆಗಲು ಮುಟ್ಟಿದರು. "ಬಾ, ನಿನಗೆ ತೋರಿಸ್ತೀನಿ. ಮಗಳ ಹಂಗೆ ನೋಡ್ಕೊಂಡಿದೀಯ."

ಅದಕ್ಕಿಂತ ದೊಡ್ಡ ಫೀಸು ನನಗೆ ಯಾರೂ ಕೊಟ್ಟಿಲ್ಲ. ಆದರೂ ನಾನು ತಿರುಗಲಿಲ್ಲ.

"ಬೇಡಮ್ಮ. ಜಾಗ ನನಗೆ ಗೊತ್ತಾದ್ರೆ, ಮುಂದಿನ ವರ್ಷ ನೀವು ಜಗಲೀಲಿ ಕೂತು ನನ್ನನ್ನೇ ಕಳಿಸ್ತೀರಿ."