ಬಲೂನು ಒಡೆದದ್ದು ಯಾರ ಕೈ

ಪುಣೆಯ ಹಡಪಸರದ ಕಾರ್ಖಾನೆಯಲ್ಲಿ ಯಂತ್ರಗಳ ತಪಾಸಣೆ ಮಾಡಿ ಸಂಬಳ ತೆಗೆದುಕೊಳ್ಳುವ ನಾನು, ಮನೆಯ ಕಂಪ್ಯೂಟರಿನೆದುರು ಮೂರು ವಾರ ಮೋಸಹೋದೆ ಎಂದು ಒಪ್ಪಿಕೊಳ್ಳಲು ಈಗಲೂ ಸ್ವಲ್ಪ ನಾಚಿಕೆ. ಕಂಪ್ಯೂಟರು ಸುಳ್ಳು ಹೇಳಲಿಲ್ಲ ಅನ್ನಿ. ಕೇಳಬೇಕಾದ್ದನ್ನು ನಾನು ಕೇಳಲಿಲ್ಲ, ಅಷ್ಟೆ.

ಮಗಳು ಮೇಘಾಗೆ ಆಗ ಏಳು ವರ್ಷ. ಹುಟ್ಟುವಾಗ ಮೆದುಳಿಗಾದ ತೊಂದರೆಯಿಂದ ಅವಳ ಎಡಗೈ ಬಿಗಿದುಕೊಂಡು, ಮುಷ್ಟಿ ಎದೆಗೇ ಅಂಟಿರುತ್ತಿತ್ತು. ಕೈ ಇನ್ನಷ್ಟು ಮಡಚಿಕೊಳ್ಳದಂತೆ ಒಂದು ಪಟ್ಟಿ ಕಟ್ಟುತ್ತಿದ್ದೆವು. ದಿನಾ ಅದನ್ನು ಬಿಚ್ಚಿ ವ್ಯಾಯಾಮ ಮಾಡಿಸುವುದು ನನ್ನ ಪಾಲಿನ ಕೆಲಸ. ನಾನು ಎಣಿಸುತ್ತಿದ್ದೆ, ಅವಳು ಅಳುತ್ತಿದ್ದಳು. ಅಳು ಜೋರಾದರೆ ಐದರಿಂದ ನೇರ ಎಂಟಕ್ಕೆ ಹಾರುತ್ತಿದ್ದೆ. ಈ ಧಾರಾಳತನವನ್ನು ಕಾರ್ಖಾನೆಯಲ್ಲಿ ತೋರಿಸಿದ್ದರೆ ಎಂದೋ ಮನೆಗೆ ಕಳಿಸಿರುತ್ತಿದ್ದರು.

ಕಂಪ್ಯೂಟರಿನ ತಲೆಯ ಮೇಲೆ ಕೂರುವ ಪುಟ್ಟ ಕ್ಯಾಮೆರಾಗಳು ಆಗಷ್ಟೇ ಮನೆಗಳಿಗೆ ಬರುತ್ತಿದ್ದವು. ಮೇಘಾಳ ಫಿಜಿಯೋಥೆರಪಿಸ್ಟ್ ಸುನಂದಾಬಾಯಿ, ಬೆಳಗಾವಿಯವರು, ನನಗೊಂದು ಆಟದ ಸಿ.ಡಿ. ಕೊಟ್ಟರು. ಕ್ಯಾಮೆರಾದ ಮುಂದೆ ನಿಂತರೆ ಪರದೆಯ ಮೇಲೆ ನಾವೇ. ಸುತ್ತ ತೇಲುವ ಬಲೂನುಗಳು. ಕೈ ಚಾಚಿದರೆ ಫಟ್!

"ಬಲಗೈ ಬೆನ್ನ ಹಿಂದ ಇರಬೇಕ್ರಿ. ಎಡಗೈಲೆ ಎಷ್ಟು ಒಡದಳು ಅಂತ ಅದೇ ಬರಕೊಂಡು ಇಡ್ತದ. ವಾರಕ್ಕೊಮ್ಮೆ ನನಗ ತೋರಸ್ರಿ" ಎಂದರು.

ಮಧ್ಯಾಹ್ನ ಮೇಘಾ ಆಡಿದ್ದರ ಲೆಕ್ಕವನ್ನು ಸಂಜೆ ಬಂದು ನಾನು ನೋಡುತ್ತಿದ್ದೆ. ಮೊದಲ ವಾರ ದಿನಕ್ಕೆ ಆರು ಬಲೂನು. ಮರುವಾರ ಇಪ್ಪತ್ತು. ಮೂರನೆಯ ವಾರ ಎಪ್ಪತ್ತು! ನಾನು ಗ್ರಾಫ್ ಬರೆದು ಕಾರ್ಖಾನೆಯವರಿಗೆಲ್ಲ ತೋರಿಸಿದೆ. ಸುನಂದಾಬಾಯಿ ಹುಬ್ಬೇರಿಸಿ, "ಭಾಳ ಛಲೋ ಆತು. ಹಿಂಗ ನಡೀತಂದ್ರ ಮುಂದಿನ ವಾರ ಪಟ್ಟಿ ಬಿಡಸೋಣು" ಎಂದರು.

ಆ ಗುರುವಾರ ಕಾರ್ಖಾನೆಯಲ್ಲಿ ಕರೆಂಟ್ ಇಲ್ಲದೆ ಮಧ್ಯಾಹ್ನವೇ ಬಿಬವೇವಾಡಿಯ ಮನೆಗೆ ಬಂದೆ. ಹೆಂಡತಿ ಇನ್ನೂ ಬ್ಯಾಂಕಿನಲ್ಲಿದ್ದಳು. ಒಳಗೆ ಫಟ್ ಫಟ್ ಸದ್ದು. ನೋಡಿದರೆ, ಕ್ಯಾಮೆರಾದ ಮುಂದೆ ಎಪ್ಪತ್ತು ವರ್ಷದ ನನ್ನ ಅವ್ವ, ಸೆರಗು ಸಿಕ್ಕಿಸಿಕೊಂಡು ಎರಡೂ ಕೈ ಬೀಸುತ್ತಿದ್ದಾಳೆ. ಮೇಘಾ ಕುರ್ಚಿಯಲ್ಲಿ ಕೂತು ಬಲಗೈಯಿಂದ ಚುರುಮುರಿ ತಿನ್ನುತ್ತ, "ಅಜ್ಜೀ, ಮ್ಯಾಲ ಅದ, ಮ್ಯಾಲ!" ಎಂದು ಕೂಗುತ್ತಿದ್ದಾಳೆ.

"ಏನವ್ವಾ ಇದು?"

"ಕೂಸಿಗೆ ಕೈ ನೋಯ್ತದೋ. ಅಂಕಿ ಕಡಿಮಿ ಆತಂದ್ರ ನಿನ್ನ ಮಾರಿ ಸಣ್ಣ ಆಗ್ತದ. ಅದನ್ನ ನೋಡಿ ಕೂಸು ಇನ್ನಷ್ಟು ಅಳ್ತದ. ಅದಕ್ಕ ನಾ ಒಂದಿಷ್ಟು ಒಡದು ಕೊಟ್ಟೆ."

ನಾನು ಬಲೂನು ಎಣಿಸುತ್ತಿದ್ದಾಗ ಮಗಳು ನನ್ನ ಮುಖ ಅಳೆಯುತ್ತಿದ್ದಳು! ಮೊಳ, ಗೇಣು, ಹಿಡಿ ಎಂದು ನಮ್ಮ ಹಿರಿಯರು ಜಗತ್ತನ್ನೆಲ್ಲ ಕೈಯಿಂದಲೇ ಅಳೆದರು. ಕೈಯನ್ನು ಯಾವುದರಿಂದ ಅಳೆಯಬೇಕೆಂದು ಮಾತ್ರ ಹೇಳಿಹೋಗಲಿಲ್ಲ.

ಸುನಂದಾಬಾಯಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಮೊದಲು ಕೇಳಿದ್ದು ಇದನ್ನು:

"ಅಜ್ಜೀ ಭುಜ ಹೆಂಗ ಅವರಿ?"

"ಭಾಳ ಸಡ್ಲ ಆಗ್ಯಾವಂತರಿ."

ಅವರು ಮನಸಾರೆ ನಕ್ಕರು. ಆಮೇಲೆ ಗಂಭೀರವಾಗಿ, "ಪಟ್ಟಿ ಬಿಡಸೂದು ಬ್ಯಾಡ, ಕೈ ಮತ್ತ ಮಡಚತದ. ಅಜ್ಜಿ, ಮೊಮ್ಮಗಳು ಪಾಳಿ ಮ್ಯಾಲ ಆಡ್ಲಿ. ನೀವಷ್ಟು ಅಂಕಿ ನೋಡೂದು ಬಿಡ್ರಿ" ಎಂದರು.

ಬಿಟ್ಟೆ. ಸುಲಭವಾಗಿರಲಿಲ್ಲ, ಪೇಪರ್ ಓದುವ ನೆಪದಲ್ಲಿ ಒಂದೆರಡು ಬಾರಿ ಇಣುಕಿ ಸಿಕ್ಕಿಬಿದ್ದೆ. ಅಜ್ಜಿಯನ್ನು ಸೋಲಿಸುವ ಹಟಕ್ಕೆ ಬಿದ್ದ ಮೇಘಾ ನೋವಾದಾಗ ನಿಲ್ಲಿಸಿ, ಮತ್ತೆ ತಾನೇ ಎದ್ದು ನಿಲ್ಲುತ್ತಿದ್ದಳು.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ, ಕನ್ನಡಕ ಹುಡುಕುತ್ತ ನಾನು ಅವಳ ಆಟಕ್ಕೆ ಅಡ್ಡ ನಿಂತೆ.

"ಅಪ್ಪಾ, ಆ ಕಡೆ ಸರಿ!" ಎಂದು ಸಿಟ್ಟಿನಿಂದ ದಬ್ಬಿದಳು.

ನನ್ನ ಹೊಟ್ಟೆಯ ಮೇಲೆ ಎರಡು ಅಂಗೈಗಳಿದ್ದವು. ಒಂದು ಗಟ್ಟಿ, ಇನ್ನೊಂದು ತುಸು ತಡವಾಗಿ ಬಂದದ್ದು, ಬೆರಳು ಅರ್ಧ ಬಿಚ್ಚಿದ್ದು, ಮೆತ್ತಗಿನದು.

"ಅಪ್ಪಗ ಹಂಗ ದಬ್ಬಬಾರದವಾ!" ಎಂದಳು ಅವ್ವ.

"ಇನ್ನೊಮ್ಮೆ ದಬ್ಬು" ಎಂದೆ ನಾನು.

ಆ ಸಂಜೆ ಹೆಂಡತಿ ಶಿರಾ ಮಾಡಿದಳು. ಮಗಳು ಅಪ್ಪನನ್ನು ದಬ್ಬಿದಳೆಂದು ಸಿಹಿ ಹಂಚಿದ ಮನೆ ಪುಣೆಯಲ್ಲಿ ಇನ್ನೊಂದು ಇದ್ದೀತೋ ಇಲ್ಲವೋ, ನನಗೆ ಗೊತ್ತಿಲ್ಲ.